ಐದನೇ ಕಲ್ಲಿನ ಹೇಳಿಕೆ

ನಮ್ಮ ತಾಲ್ಲೂಕು ಕೇಂದ್ರದಲ್ಲಿ ‘ಬೃಹತ್ ಮ್ಯಾರಥಾನ್’ ನಡೆದ ಮಾರನೆಯ ದಿನ ಎಲ್ಲರ ಹೇಳಿಕೆಗಳೂ ಪತ್ರಿಕೆಗಳಲ್ಲಿ ಬಂದವು. ಉದ್ಘಾಟಿಸಿದವರು ಆರೋಗ್ಯವೇ ಭಾಗ್ಯ ಎಂದಿದ್ದರು. ಅಧ್ಯಕ್ಷತೆ ವಹಿಸಿದವರು ಯುವಜನತೆ ದುಶ್ಚಟಗಳಿಂದ ದೂರವಿರಬೇಕು ಎಂದು ಕರೆ ನೀಡಿದ್ದರು. ಸಮಿತಿಯ ಕಾರ್ಯದರ್ಶಿಗಳು ಓಟ ಅಭೂತಪೂರ್ವ ಯಶಸ್ಸು ಕಂಡಿದೆ ಎಂದು ತಾವೇ ತಿಳಿಸಿದ್ದರು. ಓಡಿದವರನ್ನು ಯಾರೂ ಕೇಳಿರಲಿಲ್ಲ, ಅದು ವಾಡಿಕೆ. ಆದರೆ ಓಟದ ದಾರಿಯಲ್ಲಿ ನಿಂತ ಜಾಗ ಬಿಟ್ಟು ಕದಲದ ಒಬ್ಬರೇ ಒಬ್ಬ ಸಾಕ್ಷಿಯನ್ನೂ ಬಿಟ್ಟಿದ್ದು ಸರಿಯೆನಿಸಲಿಲ್ಲ. ರಾಜ್ಯ ಹೆದ್ದಾರಿಯ ಬದಿಯಲ್ಲಿರುವ ಐದನೇ ಕಿಲೋಮೀಟರ್ ಕಲ್ಲು ಅದು. ತಲೆಗೆ ಹಸಿರು, ಮೈಗೆ ಬಿಳಿ, ಹಣೆಗೆ ಯಾರೋ ಇಟ್ಟ ಕುಂಕುಮ. ಊರಿನ ಹೆಸರಿದ್ದ ಜಾಗದ ಮೇಲೆ ಯುವ ಮುಖಂಡರೊಬ್ಬರ ಹುಟ್ಟುಹಬ್ಬದ ಪೋಸ್ಟರ್ ಮೆತ್ತಿರುವುದರಿಂದ ಈ ಲೇಖನದಲ್ಲೂ ಊರಿನ ಹೆಸರು ಕಾಣಿಸುವುದಿಲ್ಲ, ಓದುಗರು ಕ್ಷಮಿಸಬೇಕು.

ನಾನು: ನಮಸ್ಕಾರ. ತಮ್ಮನ್ನು ಏನೆಂದು ಕರೆಯಲಿ?

ಕಲ್ಲು: ಕಲ್ಲಪ್ಪ ಅನ್ನಿ, ಸಾಕು. ಇಲಾಖೆ ದಾಖಲೆಯಲ್ಲಿ ನನಗೆ ನಂಬರ್ ಬಿಟ್ಟರೆ ಬೇರೆ ಹೆಸರಿಲ್ಲ. ಕೂತ್ಕೊಳ್ಳಿ ಸ್ವಾಮಿ. ಅಯ್ಯೋ, ತಲೆ ಮೇಲಲ್ಲ, ಪಕ್ಕದಲ್ಲಿ! ಬಸ್ಸು ಕಾಯೋರೆಲ್ಲ ತಲೆ ಮೇಲೇ ಕೂರ್ತಾರೆ. ಎದ್ದ ಮೇಲೆ ಪ್ಯಾಂಟಿಗೆ ಬಣ್ಣ ಹತ್ತಿದೆ ಅಂತ ನನ್ನನ್ನೇ ಬೈತಾರೆ.

ನಾನು: ತಲೆಯ ಹಸಿರು ಪರಿಸರ ಕಾಳಜಿಯ ಸಂಕೇತವೇ?

ಕಲ್ಲು: ಕಾಳಜಿ ಎಲ್ಲಿಂದ ಬಂತು? ಹಸಿರು ತಲೆ ಅಂದ್ರೆ ರಾಜ್ಯ ಹೆದ್ದಾರಿ, ಹಳದಿ ತಲೆ ಅಂದ್ರೆ ರಾಷ್ಟ್ರೀಯ ಹೆದ್ದಾರಿ. ಈ ರಸ್ತೆಯನ್ನ ರಾಷ್ಟ್ರೀಯ ಹೆದ್ದಾರಿ ಮಾಡಿಸ್ತೀವಿ ಅಂತ ಪ್ರತಿ ಚುನಾವಣೆಗೂ ಯಾರಾದರೊಬ್ಬರು ಬಂದು ಹೇಳಿ ಹೋಗ್ತಾರೆ. ಹಳದಿ ಬಳಿಸಿಕೊಳ್ಳೋ ಯೋಗ ನನಗಿನ್ನೂ ಬಂದಿಲ್ಲ. ಆದರೂ ನಾನು ಐದರ ಲೆಕ್ಕದ ಕಲ್ಲು, ಉಳಿದವರಿಗಿಂತ ಒಂಚೂರು ದೊಡ್ಡವನು. ನನಗೂ ನಾಲ್ಕನೇ ಕಲ್ಲಿಗೂ ನಡುವೆ ನಾಲ್ಕು ಮರಿ ಕಲ್ಲುಗಳಿವೆ, ಇನ್ನೂರು ಮೀಟರಿಗೊಂದು. ಮೈಮೇಲೆ 2, 4, 6, 8 ಅಂತ ಬರೆದಿರುತ್ತೆ. ಜನ ಅವನ್ನ ನೋಡೋದೇ ಇಲ್ಲ. ನೋಡಿದ್ದಿದ್ದರೆ ನೀವು ಇಲ್ಲಿಗೆ ಬರೋ ಪ್ರಮೇಯವೇ ಇರ್ತಿರಲಿಲ್ಲ.

ನಾನು: ತಮ್ಮ ಮನೆತನದ ಬಗ್ಗೆ ಎರಡು ಮಾತು?

ಕಲ್ಲು: ದೊಡ್ಡ ಮನೆತನ. ಉತ್ತರದಲ್ಲಿ ಶೇರ್ ಶಾಹನ ಕಾಲ, ಮೊಘಲರ ಕಾಲದಲ್ಲಿ ಹೆದ್ದಾರಿಯುದ್ದಕ್ಕೂ ಕೋಸ್ ಮಿನಾರ್ ಅಂತ ಕಟ್ಟಿಸಿದ್ದರು. ಕೋಸಿಗೊಂದು, ಈಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ಕಿಲೋಮೀಟರಿಗೊಂದು. ಹರಿಯಾಣದ ಕಡೆ ಹೊಲದ ನಡುವೆ ಇನ್ನೂ ನಿಂತಿವೆ. ಈಶ್ವರಚಂದ್ರ ವಿದ್ಯಾಸಾಗರರು ಹುಡುಗರಾಗಿದ್ದಾಗ ಅಪ್ಪನ ಜೊತೆ ಕಲ್ಕತ್ತೆಗೆ ನಡೆದು ಹೋಗ್ತಾ ಇಂಗ್ಲಿಷ್ ಅಂಕಿ ಕಲಿತರು ಅಂತಾರಲ್ಲ, ಅದು ದಾರಿ ಬದಿಯ ಮೈಲಿಗಲ್ಲು ನೋಡಿ. ನಮ್ಮ ವಂಶದವರ ಹತ್ತಿರ ಪಾಠ ಹೇಳಿಸಿಕೊಂಡವರು ಆಗ ವಿದ್ಯಾಸಾಗರರಾದರು. ಈಗ ನನ್ನ ಮುಖಕ್ಕೆ ಪೋಸ್ಟರ್ ಅಂಟಿಸಿದವರು ಕ್ರೀಡಾ ಸಮಿತಿ ಪದಾಧಿಕಾರಿಗಳಾಗಿದ್ದಾರೆ.

ನಾನು: ವಿಷಯಕ್ಕೆ ಬರೋಣ. ಮ್ಯಾರಥಾನ್ ಹೇಗಿತ್ತು?

ಕಲ್ಲು: ಯಾವ ಮ್ಯಾರಥಾನ್?

ನಾನು: ಮೊನ್ನೆ ಭಾನುವಾರ ನಡೆಯಿತಲ್ಲ, ಊರೆಲ್ಲ ಫ್ಲೆಕ್ಸ್ ಹಾಕಿದ್ದರಲ್ಲ.

ಕಲ್ಲು: ಓ, ಅದಾ. ಮ್ಯಾರಥಾನ್ ಅಂದ್ರೆ 42 ಕಿಲೋಮೀಟರ್ 195 ಮೀಟರ್ ಕಣ್ರೀ. ನಿಮ್ಮ ಫ್ಲೆಕ್ಸಲ್ಲೇ ದಪ್ಪಕ್ಷರದಲ್ಲಿ ‘10 ಕಿ.ಮೀ. ಮ್ಯಾರಥಾನ್’ ಅಂತ ಇತ್ತು. ನಮ್ಮ ಕಡೆ ಮೂರು ಕಿಲೋಮೀಟರ್ ಓಡಿದರೂ ಮ್ಯಾರಥಾನ್, ಮತದಾನ ಜಾಗೃತಿಗೆ ಶಾಲೆ ಮಕ್ಕಳನ್ನ ಸಾಲಾಗಿ ನಡೆಸಿದರೂ ಮ್ಯಾರಥಾನ್, ಬೈಕಲ್ಲಿ ಬಾವುಟ ಹಿಡಿದು ಹೋದರೂ ಬೈಕ್ ಮ್ಯಾರಥಾನ್. ಅದಕ್ಕೆ ನನ್ನ ತಕರಾರಿಲ್ಲ, ಕರೆಯೋರ ಬಾಯಿ ಹಿಡಿಯೋಕಾಗುತ್ತಾ? ನನ್ನ ತಕರಾರು ಆ 10ರ ಬಗ್ಗೆ. ಅದು ನನ್ನ ಇಲಾಖೆ ವಿಷಯ.

ನಾನು: ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಬೆಳಗ್ಗೆಯಿಂದ ಏನಾಯಿತು ಹೇಳಿ. ನೀವಿರುವುದು ಐದು ಕಿಲೋಮೀಟರ್ ಆಚೆ, ಮೈದಾನದಲ್ಲಿ ನಡೆದದ್ದು ನಿಮಗೆ ಹೇಗೆ ಗೊತ್ತು?

ಕಲ್ಲು: ಸುದ್ದಿ ಕಲ್ಲಿಂದ ಕಲ್ಲಿಗೆ ಬರುತ್ತೆ. ಸೊನ್ನೆ ಕಲ್ಲು ಕಾಲೇಜು ಮೈದಾನದ ಗೇಟಲ್ಲೇ ಇದೆ. ಅದು ಒಂದನೇ ಕಲ್ಲಿಗೆ ಹೇಳುತ್ತೆ, ಒಂದು ಎರಡಕ್ಕೆ. ಲಂಡನ್ನಿನ ಸುದ್ದಿನೂ ಹೀಗೇ ಬರುತ್ತೆ, ಸ್ವಲ್ಪ ನಿಧಾನ ಅಷ್ಟೆ. ಅಲ್ಲಿ 1908ರಲ್ಲಿ ನಡೆದ ಮ್ಯಾರಥಾನ್ ಸುದ್ದಿ ನನಗೆ ಮುಟ್ಟಿದ್ದು ತೀರಾ ಇತ್ತೀಚೆಗೆ. ಅದಿರಲಿ. ಕರಪತ್ರದಲ್ಲಿ ‘ಬೆಳಗ್ಗೆ 6ಕ್ಕೆ ಸರಿಯಾಗಿ’ ಅಂತಿತ್ತು. ಐದೂವರೆಗೇ ಹೈಸ್ಕೂಲು ಮಕ್ಕಳನ್ನ ತಂದು ನಿಲ್ಲಿಸಿ ಪಿ.ಟಿ. ಮೇಷ್ಟ್ರು ಹಾಜರಿ ತಗೊಂಡರು. ಬರದಿದ್ದರೆ ಇಂಟರ್ನಲ್ ಮಾರ್ಕ್ಸ್ ಕಟ್ ಅಂತ ಮೊದಲೇ ಹೇಳಿದ್ದರಂತೆ. ಸ್ವಯಂಪ್ರೇರಿತ ಓಟ. ಟೀ ಶರ್ಟ್ ಹಂಚಿದರು, ಎಲ್ಲಾ ಒಂದೇ ಅಳತೆ, ಡಬಲ್ ಎಕ್ಸೆಲ್. ಎಂಟನೇ ಕ್ಲಾಸಿನ ಹುಡುಗನಿಗೆ ಮೊಣಕಾಲು ದಾಟಿತ್ತು. ಬೆನ್ನ ಮೇಲೆ ಹದಿನಾಲ್ಕು ಜನರ ಭಾವಚಿತ್ರ, ಅದರಲ್ಲಿ ಓಡುವವನ ಚಿತ್ರ ಒಂದೂ ಇಲ್ಲ.

ನಾನು: ಮುಖ್ಯ ಅತಿಥಿಗಳು?

ಕಲ್ಲು: ಏಳೂ ಮುಕ್ಕಾಲಿಗೆ ಬಂದರು. ಅಲ್ಲಿಯವರೆಗೆ ಮಕ್ಕಳ ಕೈಲಿ ಜುಂಬಾ ಮಾಡಿಸಿದರು. ಓಡೋಕೆ ಇಟ್ಟುಕೊಂಡಿದ್ದ ಶಕ್ತಿಯೆಲ್ಲ ಅಲ್ಲೇ ಖರ್ಚು. ಆಮೇಲೆ ನಾಡಗೀತೆ, ಸ್ವಾಗತ, ಸಸಿಗೆ ನೀರೆರೆಯೋದು, ಪ್ರಾಸ್ತಾವಿಕ ನುಡಿ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆ ಮೇಲೆ ಕುರ್ಚಿ ಸಾಲದೆ ಎರಡನೇ ಸಾಲು ಹಾಕಿದರು, ಎರಡನೇ ಸಾಲಲ್ಲಿ ಕೂತವರು ಮುನಿಸಿಕೊಂಡು ಎದ್ದು ಹೋದರು, ಅವರನ್ನ ಕರೆತರೋಕೆ ಇಬ್ಬರು ಓಡಿದರು. ಆ ದಿನದ ಮೊದಲ ಓಟ ಅದೇ. ಮುಖ್ಯ ಅತಿಥಿಗಳು ಮೈಕ್ ಹಿಡಿದು, ಗ್ರೀಸ್ ದೇಶದಲ್ಲಿ ಫೀಡಿಪಿಡೀಸ್ ಅನ್ನೋ ಸೈನಿಕ ಯುದ್ಧಭೂಮಿಯಿಂದ ಅಥೆನ್ಸಿಗೆ ಓಡಿ ಬಂದು ‘ಗೆದ್ದೆವು’ ಅಂತ ಹೇಳಿ ಅಲ್ಲೇ ಪ್ರಾಣ ಬಿಟ್ಟ ಕಥೆ ಹೇಳಿದರು. ಮಕ್ಕಳನ್ನ ಓಡೋಕೆ ಬಿಡೋ ಮುಂಚೆ ಹೇಳೋ ಕಥೆನಾ ಸ್ವಾಮಿ ಅದು? ಒಬ್ಬಳು ತಾಯಿ ಮಗನ ಕೈ ಹಿಡಿದು ಮನೆಗೆ ವಾಪಸ್ ಕರ್ಕೊಂಡು ಹೋದಳಂತೆ.

ನಾನು: ಆದರೆ ಅದು ಪ್ರಸಿದ್ಧ ಕಥೆಯಲ್ಲವೇ?

ಕಲ್ಲು: ಪ್ರಸಿದ್ಧವೇ. ಆದರೆ ಹಳೇ ಇತಿಹಾಸಕಾರ ಹೆರೊಡೊಟಸ್ ಬರೆದದ್ದು ಬೇರೆ. ಅವನ ಪ್ರಕಾರ ಆ ಓಟಗಾರ ಹೋದದ್ದು ಅಥೆನ್ಸಿನಿಂದ ಸ್ಪಾರ್ಟಾಕ್ಕೆ, ಯುದ್ಧಕ್ಕೆ ಮುಂಚೆ, ಸಹಾಯ ಕೇಳೋಕೆ. ಸುಮಾರು 240 ಕಿಲೋಮೀಟರ್. ಮಾರನೇ ದಿನವೇ ಮುಟ್ಟಿದನಂತೆ. ಸ್ಪಾರ್ಟಾದವರು ಏನಂದರು ಗೊತ್ತಾ? ಹುಣ್ಣಿಮೆ ಆಗೋವರೆಗೂ ನಾವು ಹೊರಡೋ ಹಾಗಿಲ್ಲ, ಶಾಸ್ತ್ರ ಇದೆ ಅಂದರು. ಅವರು ಬರೋ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಓಡುವವನು ಹೊತ್ತಿಗೆ ಸರಿಯಾಗಿ ಬರೋದು, ಅತಿಥಿಗಳು ತಡವಾಗಿ ಬರೋದು, ಎರಡೂ ಆವತ್ತಿಂದಲೂ ಇದೆ. ನಮ್ಮ ಅತಿಥಿಗಳು ಈ ಭಾಗ ಹೇಳಲಿಲ್ಲ.

ನಾನು: ಕೊನೆಗೆ ಹಸಿರು ನಿಶಾನೆ ಎಷ್ಟು ಹೊತ್ತಿಗೆ ತೋರಿಸಿದರು?

ಕಲ್ಲು: ಎಂಟೂ ಕಾಲಿಗೆ. ಬಿಸಿಲು ಚುರುಗುಟ್ಟೋಕೆ ಶುರುವಾಗಿತ್ತು. ಫೋಟೋದವನು ಸರಿಯಾಗಿ ಬರಲಿಲ್ಲ ಅಂದಿದ್ದಕ್ಕೆ ನಿಶಾನೆ ಎರಡನೇ ಸಲ ತೋರಿಸಿದರು. ಮೊದಲನೇ ಸಲಕ್ಕೇ ಓಡಿದ್ದ ಹುಡುಗಿಯರನ್ನ ವಾಪಸ್ ಕರೆಸಿ ಮತ್ತೆ ನಿಲ್ಲಿಸಿದರು. ಅವರದ್ದು ಮೊದಲು ಬಿಡೋದು, ಹತ್ತು ನಿಮಿಷ ಬಿಟ್ಟು ಗಂಡಸರದ್ದು ಅಂತ ವ್ಯವಸ್ಥೆ.

ನಾನು: ಮಹಿಳೆಯರಿಗೆ ಆದ್ಯತೆ. ಸ್ವಾಗತಾರ್ಹ.

ಕಲ್ಲು: ಆದ್ಯತೆ ಬಹುಮಾನದಲ್ಲೂ ನೋಡಿ. ಗಂಡಸರಿಗೆ ಮೊದಲನೇ ಬಹುಮಾನ ಹತ್ತು ಸಾವಿರ ನಗದು, ಹೆಂಗಸರಿಗೆ ಸ್ಟೀಲ್ ಡಬ್ಬಿಗಳ ಸೆಟ್ಟು. ಯಾಕೆ ಅಂತ ಒಬ್ಬರು ಟೀಚರಮ್ಮ ಕೇಳಿದ್ದಕ್ಕೆ, ಮನೆಗೆ ಉಪಯೋಗಕ್ಕೆ ಬರುತ್ತೆ ಅಂದರಂತೆ. ನಮ್ಮೋರನ್ನ ಮಾತ್ರ ಅನ್ನಲ್ಲ. 1967ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಅನ್ನೋಳು ಓಡ್ತಿದ್ದಾಗ ಓಟದ ಅಧಿಕಾರಿಯೇ ನುಗ್ಗಿ ಅವಳ ಎದೆಯ ನಂಬರ್ ಚೀಟಿ ಕಿತ್ತುಕೊಳ್ಳೋಕೆ ಹೋಗಿದ್ದ. ಒಲಿಂಪಿಕ್ಸಲ್ಲಿ ಹೆಂಗಸರಿಗೆ ಮ್ಯಾರಥಾನ್ ಅಂತ ಇಟ್ಟಿದ್ದೇ 1984ರಲ್ಲಿ, ಗಂಡಸರದ್ದು ಶುರುವಾಗಿ 88 ವರ್ಷ ಆದಮೇಲೆ. ಅಷ್ಟು ದೂರ ಓಡಿದರೆ ಹೆಣ್ಣುಮಕ್ಕಳ ಮೈಗೆ ಆಗಲ್ಲ ಅಂತಿದ್ದರು. ತಲೆ ಮೇಲೆ ನೀರು ಹೊತ್ತು, ಸೊಂಟದಲ್ಲಿ ಮಗು ಇಟ್ಟುಕೊಂಡು ನನ್ನ ಮುಂದೆ ದಿನಾ ಹಾದುಹೋಗೋರನ್ನ ಅವರು ನೋಡಿರಲಿಲ್ಲ.

ನಾನು: ಈಗ ಆ 10ರ ವಿಷಯ. ಕಾಲೇಜು ಗೇಟಿನಿಂದ ನಿಮ್ಮವರೆಗೆ ಐದು, ವಾಪಸ್ ಐದು. ಲೆಕ್ಕ ಸರಿಯಾಗಿಯೇ ಇದೆಯಲ್ಲ?

ಕಲ್ಲು: ಲೆಕ್ಕ ಸರಿ. ಆದರೆ ನನ್ನವರೆಗೆ ಬಂದವರು ಯಾರು? ಇಬ್ಬರೇ.

ನಾನು: ನೂರಾರು ಜನ ಓಡಿದರಲ್ಲ!

ಕಲ್ಲು: ಓಡಿದರು, ಪೆಟ್ರೋಲ್ ಬಂಕ್‌ವರೆಗೆ. ಮೊದಲು ಯೂ ಟರ್ನ್ ನನ್ನ ಹತ್ತಿರವೇ ಅಂತ ಗೊತ್ತಾಗಿತ್ತು. ಆಮೇಲೆ ಬಂಕ್ ಮಾಲೀಕರು ಟೀ ಶರ್ಟ್ ಖರ್ಚು ನಾನು ನೋಡ್ಕೋತೀನಿ, ಓಟ ನನ್ನ ಬಂಕ್ ಮುಂದೆ ತಿರುಗಲಿ, ವಿಡಿಯೋದಲ್ಲಿ ಬೋರ್ಡು ಕಾಣಿಸಲಿ ಅಂದರು. ಬಂಕ್ ಇರೋದು ಮೂರನೇ ಕಲ್ಲು ದಾಟಿ, 6 ಅಂತ ಬರೆದಿರೋ ಮರಿ ಕಲ್ಲಿನ ಎದುರಿಗೆ. ಅಂದ್ರೆ ಮೂರು ಕಿಲೋಮೀಟರ್ ಆರುನೂರು ಮೀಟರ್. ಹೋಗಿ ಬಂದರೆ ಎಷ್ಟಾಯ್ತು? ನೀವು ಪತ್ರಕರ್ತರು, ಲೆಕ್ಕ ಬರುತ್ತಲ್ಲ.

ನಾನು: ಏಳು... ಏಳು ಪಾಯಿಂಟ್ ಎರಡು.

ಕಲ್ಲು: ಫ್ಲೆಕ್ಸ್ ಆಗಲೇ ಪ್ರಿಂಟ್ ಆಗಿಹೋಗಿತ್ತು. ಫ್ಲೆಕ್ಸ್ ಬದಲಾಯಿಸೋದಕ್ಕಿಂತ ದೂರ ಬದಲಾಯಿಸೋದು ಅಗ್ಗ.

ನಾನು: ಅಳತೆ ಮಾಡಿಸಿದ್ದೇವೆ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ.

ಕಲ್ಲು: ಮಾಡಿಸಿದ್ದಾರೆ. ಹಿಂದಿನ ರಾತ್ರಿ ಇಬ್ಬರು ಬೈಕಲ್ಲಿ ಬಂದರು. ಬೈಕಿನ ಮೀಟರ್ ಕೇಬಲ್ ಕಿತ್ತು ಎರಡು ವರ್ಷ ಆಗಿದೆ ಅಂತ ಮುಂದೆ ಕೂತವನು ಹೇಳಿದ. ‘ಅಂದಾಜು ಹತ್ತು ಆಗುತ್ತೆ ಬಿಡಣ್ಣ’ ಅಂತ ಹಿಂದೆ ಕೂತವನು ಹೇಳಿದ. ಇಬ್ಬರೂ ಡಾಬಾ ಕಡೆ ಹೋದರು.

ನಾನು: ಮ್ಯಾರಥಾನ್ ದೂರವನ್ನು ದೊಡ್ಡವರ ಅನುಕೂಲಕ್ಕೆ ಬದಲಾಯಿಸಿದ್ದು ಹೊಸದೇನೂ ಅಲ್ಲ ಎಂದು ಕೆಲವರು ಹೇಳುತ್ತಾರೆ.

ಕಲ್ಲು: ನಿಜವೇ. 1896ರಲ್ಲಿ ಅಥೆನ್ಸಲ್ಲಿ ಮೊದಲ ಒಲಿಂಪಿಕ್ ಮ್ಯಾರಥಾನ್ ಆದಾಗ ದೂರ ಸುಮಾರು 40 ಕಿಲೋಮೀಟರ್ ಇತ್ತು. ಗೆದ್ದವನು ಸ್ಪಿರಿಡಾನ್ ಲೂಯಿಸ್, ನೀರು ಹೊತ್ತು ಮಾರ್ತಿದ್ದ ಮನುಷ್ಯ. 1908ರಲ್ಲಿ ಲಂಡನ್ನಿನವರು ವಿಂಡ್ಸರ್ ಅರಮನೆ ಹತ್ತಿರ ಶುರು ಮಾಡಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಸಿದರು. ಅದು 26 ಮೈಲಿ 385 ಗಜ ಆಯ್ತು, ಅದೇ ಇವತ್ತಿನ 42.195. ಹಾಗಾಗಿ ದೊಡ್ಡವರು ಕೂತ ಕಡೆಗೆ ಗೆರೆ ಎಳೆಯೋದು ಅವರಿಗೂ ಗೊತ್ತಿತ್ತು. ಆದರೆ ಎರಡು ವ್ಯತ್ಯಾಸ ನೋಡಿ. ಒಂದು, ಅವರು ಉದ್ದ ಮಾಡಿದರು, ನಿಮ್ಮೋರು ಕತ್ತರಿಸಿದರು. ಇನ್ನೊಂದು, ಅವರು ಓಡಿಸಿದಷ್ಟನ್ನ ಗಜದವರೆಗೂ ಲೆಕ್ಕ ಇಟ್ಟು ಬರೆದರು. 1921ರಲ್ಲಿ ಅದನ್ನೇ ಅಳತೆ ಅಂತ ಗಟ್ಟಿ ಮಾಡಿದರು. ಆಮೇಲೆ ಯಾವ ರಾಜ ಬಂದರೂ, ಯಾವ ಬಂಕ್ ಮಾಲೀಕ ಬಂದರೂ ಅದು ಬದಲಾಗಿಲ್ಲ.

ನಾನು: ನಿಮ್ಮವರೆಗೆ ಬಂದ ಆ ಇಬ್ಬರು ಯಾರು?

ಕಲ್ಲು: ಮೊದಲು ಬಂದವಳು ಹಾಸ್ಟೆಲ್ ಹುಡುಗಿ. ಹತ್ತನೇ ಕ್ಲಾಸು ಇರಬೇಕು. ಆ ದೊಡ್ಡ ಟೀ ಶರ್ಟನ್ನ ಸೊಂಟದ ಹತ್ತಿರ ಗಂಟು ಹಾಕಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ತಿರುಗಿಸೋ ಹುಡುಗರು ಬಂಕ್ ಹತ್ತಿರ ಬಾವುಟ ಹಿಡ್ಕೊಂಡು ನಿಂತಿರಬೇಕಿತ್ತು. ಅವರು ಗಂಡಸರ ಓಟದ ಮುಂದೆ ಬರೋ ಪೈಲಟ್ ಜೀಪಲ್ಲಿ ಬರೋದು ಅಂತ ಏರ್ಪಾಡು. ಹುಡುಗಿಯರು ಅಷ್ಟು ಬೇಗ ಬಂದಾರು ಅಂತ ಯಾರಿಗೂ ಹೊಳೆದಿರಲಿಲ್ಲ. ಇವಳು ಬಂಕ್ ದಾಟಿದಾಗ ಅಲ್ಲಿ ಗಾಳಿ ಹಿಡಿಯೋ ಹುಡುಗ ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ. ಹತ್ತು ಅಂದ್ರೆ ಐದನೇ ಕಲ್ಲಿಗೆ ಹೋಗಿ ಬರೋದು ಅಂತ ಅವಳಿಗೆ ಗೊತ್ತಿತ್ತು, ಬಂದೇ ಬಂದಳು. ಪೋಸ್ಟರ್ ಮರೆಯಲ್ಲಿ ಉಳಿದಿದ್ದ 5 ಅನ್ನೋದನ್ನ ಬಗ್ಗಿ ನೋಡಿದಳು. ಅಂಗೈಯಿಂದ ನನ್ನ ತಲೆ ಮುಟ್ಟಿದಳು. ಬೆವರಿಗೆ ಹಸಿರು ಬಣ್ಣ ಕೈಗೆ ಹತ್ತಿತು, ಅದನ್ನ ಟೀ ಶರ್ಟಿನ ಮೇಲಿದ್ದ ಯಾವುದೋ ಮುಖಕ್ಕೆ ಒರೆಸಿಕೊಂಡು ತಿರುಗಿದಳು.

ನಾನು: ಗೆದ್ದಳೇ?

ಕಲ್ಲು: ಹಿಂದಿದ್ದ ಹುಡುಗಿಯರು ಬಂಕ್ ಮುಟ್ಟೋ ಹೊತ್ತಿಗೆ ಜೀಪ್ ಬಂದಿತ್ತು, ಅವರನ್ನ ಅಲ್ಲೇ ತಿರುಗಿಸಿದರು. ಇವಳು ಮೈದಾನಕ್ಕೆ ಬಂದಾಗ ಮೂವರು ರಿಬ್ಬನ್ ದಾಟಿ ಆಗಿತ್ತು. ಇದ್ದದ್ದೇ ಮೂರು ಬಹುಮಾನ. ಅವರಿಗಿಂತ 2.8 ಕಿಲೋಮೀಟರ್ ಹೆಚ್ಚು ಓಡಿ ನಾಲ್ಕನೆಯವಳಾದಳು. ನಾನು ಕಲ್ಲಿನ ತನಕ ಹೋಗಿದ್ದೆ ಸಾರ್ ಅಂತ ಹೇಳಿದ್ದಕ್ಕೆ, ಯಾರು ಹೋಗು ಅಂದಿದ್ದು, ಶಿಸ್ತು ಬೇಡವಾ ಅಂತ ಗದರಿಸಿದರು. ಲಂಡನ್ನಿನ ಅದೇ ಓಟದಲ್ಲಿ ಡೊರಾಂಡೊ ಪಿಯೆತ್ರಿ ಅನ್ನೋ ಇಟಲಿಯವನು ಕೊನೇಲಿ ಬಿದ್ದು ಎದ್ದು, ಯಾರೋ ಹಿಡಿದು ಗೆರೆ ದಾಟಿಸಿದರು ಅಂತ ಅನರ್ಹ ಆದ. ಮಾರನೇ ದಿನ ರಾಣಿ ಅಲೆಕ್ಸಾಂಡ್ರಾ ಅವನಿಗೆ ಬೇರೆ ಕಪ್ ಕೊಟ್ಟಳು. ನಮ್ಮೂರಲ್ಲಿ ರಾಣಿ ಇಲ್ಲವಲ್ಲ, ಹಾಸ್ಟೆಲ್ ಅಡುಗೆಯಮ್ಮ ಮಧ್ಯಾಹ್ನ ಒಂದು ಮುದ್ದೆ ಜಾಸ್ತಿ ಹಾಕಿದಳಂತೆ.

ನಾನು: ಇನ್ನೊಬ್ಬರು?

ಕಲ್ಲು: ರಿಟೈರಾದ ಪೋಸ್ಟ್‌ಮ್ಯಾನ್. ದಿನಾ ಬೆಳಗ್ಗೆ ನನ್ನ ತನಕ ನಡೆದು ಬರೋ ಗಿರಾಕಿ. ಬಂಕ್ ಹತ್ತಿರ ಹುಡುಗರು ‘ಅಜ್ಜ, ಇಲ್ಲಿಗೇ ಸಾಕು, ತಿರುಗಿ’ ಅಂದರಂತೆ. ‘ಐದನೇ ಕಲ್ಲು ಇನ್ನೂ ಬಂದಿಲ್ಲವಲ್ಲಪ್ಪ’ ಅಂದರು ಇವರು. ‘ಸಾಕು ಬಿಡಿ ಅಜ್ಜ’ ಅಂದರು. ‘ಸಾಕಾ ಬೇಕಾ ಅಂತ ನನ್ನ ಕಾಲು ಹೇಳುತ್ತೆ’ ಅಂತ ಹೇಳಿ ಓಡಿಬಿಟ್ಟರು. ಓಟ ಈ ನಾಡಿಗೆ ಹೊಸದಲ್ಲ ಸ್ವಾಮಿ. ಚಿಕ್ಕದೇವರಾಜ ಒಡೆಯರ ಕಾಲದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆ ಜೊತೆ ಸೇರಿ ಹೋಗೋವರೆಗೂ ಟಪಾಲು ಹೊತ್ತು ಓಡಿದವರು ಈ ಕಡೆಯವರೇ. ಅವರಿಗೆ ಟೀ ಶರ್ಟ್ ಇರಲಿಲ್ಲ, ಮೆಡಲ್ ಇರಲಿಲ್ಲ. ನಡುದಾರಿಯಲ್ಲಿ ತಿರುಗಿದ್ದರೆ ಪತ್ರ ಮುಟ್ಟುತ್ತಿರಲಿಲ್ಲ. ನಮ್ಮಜ್ಜ ವಾಪಸ್ ಹೋದಾಗ ಶಾಮಿಯಾನ ಬಿಚ್ಚಿ ಲಾರಿಗೆ ಹಾಕ್ತಿದ್ದರು. ಉಪ್ಪಿಟ್ಟು, ಕೇಸರಿಭಾತ್ ಖಾಲಿ. ಮೆಡಲ್ ಕೇಳಿದ್ದಕ್ಕೆ ಮುಗಿದು ಹೋಯ್ತು ಅಂದರು. ಓಡದವರೆಲ್ಲ ಒಂದೊಂದು ತಗೊಂಡು ಹೋಗಿದ್ದರು.

ನಾನು: ದೂರ ಕಡಿಮೆಯಾಗಿದೆ ಎಂದು ಬೇರೆ ಯಾರೂ ಗಮನಿಸಲಿಲ್ಲವೇ?

ಕಲ್ಲು: ಒಬ್ಬ ಗಮನಿಸಿದ. ಬೆಂಗಳೂರಿಂದ ಅಮ್ಮನ ಮನೆಗೆ ಬಂದಿದ್ದ ಸಾಫ್ಟ್‌ವೇರ್ ಹುಡುಗ. ಅವನ ಶೂ ದುಡ್ಡಲ್ಲಿ ಒಂದು ಕರು ಬರ್ತಿತ್ತು. ಕೈಯಲ್ಲಿ ಉಪಗ್ರಹದ ಗಡಿಯಾರ. ಗೆರೆ ದಾಟಿದಾಗ ಅದು 7.2 ಅಂತ ತೋರಿಸಿತು. ಅವನಿಗೆ ತಡೆಯೋಕಾಗಲಿಲ್ಲ. ಜಗಳ ಮಾಡಲಿಲ್ಲ ಪಾಪ, ಮೈದಾನದಲ್ಲೇ ಶಾಮಿಯಾನ ಸುತ್ತೋಕೆ ಶುರು ಮಾಡಿದ. ವೇದಿಕೆ ಮೇಲೆ ವಂದನಾರ್ಪಣೆ ನಡೀತಿದೆ, ಇವನು ಗಡಿಯಾರ ನೋಡ್ಕೊಂಡು ಸುತ್ತು ಹಾಕ್ತಿದ್ದಾನೆ. ಯಾವುದೋ ಹರಕೆ ಇರಬೇಕು ಅಂತ ಜನ ದಾರಿ ಬಿಟ್ಟರು. 10.00 ಅಂತ ಬಂದ ತಕ್ಷಣ ನಿಂತು, ಅದರ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ. ಆಮೇಲೆ ಸಮಿತಿಯವರಿಗೆ ಕೇಳಿದ್ದಾನೆ. ‘ನಮ್ಮೂರಲ್ಲಿ ಸ್ಯಾಟಲೈಟ್ ಸರಿಯಾಗಿ ಸಿಗಲ್ಲ’ ಅಂತ ಉತ್ತರ ಬಂತು.

ನಾನು: ಯುವ ಮುಖಂಡರೂ ಓಡಿದರು ಎಂದು ಚಿತ್ರಸಹಿತ ವರದಿಯಾಗಿದೆ. ತಮ್ಮ ಮುಖದ ಮೇಲಿರುವವರೇ ಅಲ್ಲವೇ?

ಕಲ್ಲು: ಅವರೇ. ಮೊದಲ ಐವತ್ತು ಮೀಟರ್ ಓಡಿದರು, ಕ್ಯಾಮೆರಾ ಇರೋವರೆಗೆ. ಆಮೇಲೆ ಅವರ ಗಾಡಿ ಬಂತು. ವಾಪಸ್ ಬರುವಾಗ ಒಂದನೇ ಕಲ್ಲು ದಾಟಿ ಗೇಟಿನ ಹತ್ತಿರ ಇಳಿದು, ಬಾಟಲಿ ನೀರು ತಲೆಗೆ ಸುರ್ಕೊಂಡು ರಿಬ್ಬನ್‌ವರೆಗೆ ಓಡಿದರು. ಬೆವರಿನ ಫೋಟೋ ಚೆನ್ನಾಗಿ ಬಂದಿದೆ. 1904ರಲ್ಲಿ ಸೇಂಟ್ ಲೂಯಿಸ್ ಒಲಿಂಪಿಕ್ಸಲ್ಲಿ ಫ್ರೆಡ್ ಲಾರ್ಜ್ ಅನ್ನೋನು ಸುಸ್ತಾಗಿ ಕಾರು ಹತ್ತಿ, ಆಮೇಲೆ ಇಳಿದು ಕ್ರೀಡಾಂಗಣಕ್ಕೆ ಓಡಿ ಬಂದ. ಗೆದ್ದ ಅಂತ ಜನ ಚಪ್ಪಾಳೆ ಹೊಡೆದರು. ನಿಜ ಗೊತ್ತಾದ ಮೇಲೆ ಅವನನ್ನ ಹೊರಗೆ ಹಾಕಿದರು. ಮಾರನೇ ವರ್ಷ ಅವನೇ ಬಾಸ್ಟನ್‌ಗೆ ಹೋಗಿ, ನಿಜವಾಗಿ ಓಡಿ, ಗೆದ್ದ. ನಮ್ಮ ಮುಖಂಡರಿಗೆ ಆ ಕಷ್ಟ ಬರಲಿಲ್ಲ. ಅವರಿಗೆ ಅಲ್ಲೇ ವಿಶೇಷ ಸನ್ಮಾನ ಆಯ್ತು.

(ಇಲ್ಲಿ ಕಲ್ಲಪ್ಪನವರು ಮುಖಂಡರ ಬಗ್ಗೆ ಇನ್ನೂ ಒಂದು ಮಾತು ಹೇಳಿದರು. ಅಷ್ಟರಲ್ಲಿ ಕಬ್ಬಿನ ಲಾರಿಯೊಂದು ಹಾರ್ನ್ ಹೊಡೆದು ಹೋದದ್ದರಿಂದ ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದಷ್ಟನ್ನು ಅಚ್ಚು ಹಾಕುವಂತಿಲ್ಲ.)

ನಾನು: ನೀರಿನ ವ್ಯವಸ್ಥೆ ಹೇಗಿತ್ತು?

ಕಲ್ಲು: ವೇದಿಕೆ ಮೇಲೆ ಬಹಳ ಚೆನ್ನಾಗಿತ್ತು. ಪ್ರತಿ ಕುರ್ಚಿ ಮುಂದೆ ಎರಡು ಬಾಟಲಿ. ರಸ್ತೆ ಮೇಲೆ ಎರಡನೇ ಕಲ್ಲಿನ ಹತ್ತಿರ ಒಂದು ಟೇಬಲ್ ಹಾಕಿ ಪ್ಲಾಸ್ಟಿಕ್ ಪ್ಯಾಕೆಟ್ ನೀರು ಇಟ್ಟಿದ್ದರು, ಮೊದಲು ಬಂದ ಐವತ್ತು ಜನಕ್ಕೆ ಮುಗೀತು. ಓಟದ ಘೋಷವಾಕ್ಯ ‘ಪ್ಲಾಸ್ಟಿಕ್ ಮುಕ್ತ ನಗರ’ ಅಂತ. ಆ ಪ್ಯಾಕೆಟ್ಟುಗಳು ಗಾಳಿಗೆ ಇಲ್ಲಿಯವರೆಗೂ ಬಂದಿವೆ, ನೋಡಿ, ನನ್ನ ಕಾಲಡಿಯಲ್ಲಿ. ಸೇಂಟ್ ಲೂಯಿಸಲ್ಲೂ ಹೀಗೇ. ಬಿಸಿಲು, ದೂಳು, ಇಡೀ ದಾರಿಗೆ ನೀರು ಸಿಗೋ ಜಾಗ ಬೆರಳೆಣಿಕೆಯಷ್ಟೂ ಇಲ್ಲ. ಹೊರಟ 32 ಜನರಲ್ಲಿ ಮುಗಿಸಿದವರು 14. ಗೆದ್ದವನಿಗೆ ದಾರಿಯಲ್ಲಿ ಮೊಟ್ಟೆಯ ಬಿಳಿ, ಬ್ರಾಂದಿ, ಸ್ಟ್ರಿಕ್ನೀನ್ ಅನ್ನೋ ವಿಷ ಕುಡಿಸಿ ಓಡಿಸಿದ್ದರು. ಆಫ್ರಿಕಾದಿಂದ ಹೋಗಿದ್ದ ಒಬ್ಬನನ್ನ ನಾಯಿ ಅಟ್ಟಿಸಿಕೊಂಡು ಹೋಗಿ ದಾರಿಯೇ ತಪ್ಪಿಸಿತಂತೆ, ಆದರೂ ಒಂಬತ್ತನೆಯವನಾಗಿ ಬಂದ. ನಮ್ಮೂರ ನಾಯಿಗಳ ವಿಷಯದಲ್ಲಿ ನಾನು ನ್ಯಾಯವಾಗಿ ಮಾತಾಡಬೇಕು, ಅವು ಯಾರನ್ನೂ ಅಟ್ಟಲಿಲ್ಲ. ಅಷ್ಟು ಹೊತ್ತಿಗೆ ಬಿಸಿಲಿಗೆ ಲಾರಿ ಕೆಳಗೆ ಮಲಗಿದ್ದವು.

ನಾನು: ಆಂಬುಲೆನ್ಸ್?

ಕಲ್ಲು: ಇತ್ತು. ಅದರ ಎರಡೂ ಮಗ್ಗುಲಿಗೆ ಬ್ಯಾನರ್ ಕಟ್ಟಿದ್ದರು. ಬಾಗಿಲು ತೆಗೆಯೋಕೆ ಆಗ್ತಿರಲಿಲ್ಲ.

ನಾನು: ಇಷ್ಟೆಲ್ಲ ಕೊರತೆಗಳ ನಡುವೆಯೂ ಜನರಲ್ಲಿ ಓಟದ ಹುಮ್ಮಸ್ಸು ಬಂತಲ್ಲ. ಅದನ್ನಾದರೂ ಒಪ್ಪುತ್ತೀರಾ?

ಕಲ್ಲು: ಒಪ್ತೀನಿ. ಮಾರನೇ ದಿನ ಬೆಳಗಿನ ಜಾವ ಐದಕ್ಕೆ ನಾಲ್ಕು ಹುಡುಗರು, ಹಾಸ್ಟೆಲ್ ಹುಡುಗಿಯರು ಇಬ್ಬರು ಈ ರಸ್ತೆಯಲ್ಲಿ ಓಡ್ತಿದ್ದರು. ಯಾರೂ ಹಾಜರಿ ತಗೊಂಡಿರಲಿಲ್ಲ. ಅದಕ್ಕೇ ನನಗೆ ಸಿಟ್ಟು. ಓಡೋಕೆ ಮಕ್ಕಳಿಗೆ ಆಸೆ ಇದೆ, ಕಾಲಲ್ಲಿ ಕಸುವಿದೆ. ಶಿವನಾಥ್ ಸಿಂಗ್ ಅಂತ ಬಿಹಾರದ ಒಬ್ಬ ಸೈನಿಕ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದ. ನಲವತ್ತು ವರ್ಷ ಕಳೆದರೂ ಈ ದೇಶದಲ್ಲಿ ಅದನ್ನ ಯಾರೂ ಮುರಿಯೋಕಾಗಲಿಲ್ಲ. ಅವನಂಥವನು ಇಂಥ ಸಣ್ಣ ಊರಿನ ರಸ್ತೆಯಿಂದಲೇ ಬರಬೇಕು. ಆ ಹಾಸ್ಟೆಲ್ ಹುಡುಗಿ ಹತ್ತು ಕಿಲೋಮೀಟರಿಗೆ ಎಷ್ಟು ಹೊತ್ತು ತಗೊಂಡಳು ಅಂತ ಯಾರಾದರೂ ಬರ್ಕೊಂಡರಾ? ಗೆದ್ದವರ ಸಮಯ ಬರೆದಿದ್ದಾರೆ, ಅದು 7.2 ಕಿಲೋಮೀಟರಿನದ್ದು, ಸರ್ಟಿಫಿಕೇಟಲ್ಲಿ ಹತ್ತು ಅಂತ ಅಚ್ಚಾಗಿದೆ. ಆ ಕಾಗದ ಹಿಡ್ಕೊಂಡು ಜಿಲ್ಲಾ ಮಟ್ಟಕ್ಕೆ ಹೋದರೆ ಮಕ್ಕಳು ನಗೆಪಾಟಲಾಗ್ತಾರೆ. ಇವರಿಗೆ ಅದರ ಅರಿವೇ ಇಲ್ಲ.

ನಾನು: ಹಾಗಾದರೆ ಸರಿಯಾಗಿ ಅಳೆಯುವುದು ಹೇಗೆ? ಅದಕ್ಕೆ ದೊಡ್ಡ ಖರ್ಚಾಗುವುದಿಲ್ಲವೇ?

ಕಲ್ಲು: ಒಂದು ಸೈಕಲ್ ಸಾಕು ಸ್ವಾಮಿ. ಪ್ರಪಂಚದ ದೊಡ್ಡ ದೊಡ್ಡ ಮ್ಯಾರಥಾನ್‌ಗಳನ್ನ ಅಳೆಯೋದು ಸೈಕಲ್ಲಲ್ಲೇ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅಂತ ಒಂದು ಸಣ್ಣ ಎಣಿಕೆ ಯಂತ್ರ ಸಿಕ್ಕಿಸ್ತಾರೆ. ಮೊದಲು ಸ್ಟೀಲ್ ಟೇಪು ಹಿಡಿದು ನೇರ ರಸ್ತೆಯಲ್ಲಿ ಒಂದಷ್ಟು ದೂರ ಕರಾರುವಾಕ್ಕಾಗಿ ಗುರುತು ಮಾಡಿ, ಅದರ ಮೇಲೆ ಸೈಕಲ್ ಓಡಿಸಿ ಚಕ್ರ ಎಷ್ಟು ಎಣಿಸುತ್ತೆ ಅಂತ ನೋಡ್ತಾರೆ. ಆಮೇಲೆ ಓಟದ ದಾರಿ ಪೂರ್ತಿ ಸೈಕಲ್ ತುಳೀತಾರೆ. ತಿರುವಲ್ಲಿ ಓಟಗಾರ ಎಷ್ಟು ಒಳಗಿಂದ ಬರಬಹುದೋ ಅಷ್ಟು ಒಳಗಿಂದ. ಮುಗಿದ ಮೇಲೆ ಮತ್ತೆ ಟೇಪಿನ ಗುರುತಿಗೆ ಬಂದು ತಾಳೆ ನೋಡ್ತಾರೆ, ಬಿಸಿಲಿಗೆ ಟೈರಿನ ಗಾಳಿ ಹೆಚ್ಚುಕಡಿಮೆ ಆಗಿರುತ್ತಲ್ಲ. ಇಷ್ಟಾದ ಮೇಲೂ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸ್ತಾರೆ. ಹತ್ತಕ್ಕೆ ಹತ್ತು ಮೀಟರ್, ಪೂರ್ತಿ ಮ್ಯಾರಥಾನ್‌ಗೆ 42 ಮೀಟರ್. ಎಲ್ಲಾದರೂ ಅಳತೆ ತಪ್ಪಿದ್ದರೂ ಓಡಿದವನಿಗೆ ಕಡಿಮೆ ಆಗಬಾರದು ಅಂತ. ನಮ್ಮ ಸಂತೆಯಲ್ಲಿ ಸೊಪ್ಪು ಮಾರೋಳು ಕೊಸರು ಹಾಕ್ತಾಳಲ್ಲ, ಹಾಗೆ. ಹತ್ತು ರೂಪಾಯಿ ಸೊಪ್ಪಿಗೆ ಅವಳು ಹಾಕೋ ಕೊಸರನ್ನ ಇಷ್ಟು ದೊಡ್ಡ ಸಮಿತಿ ಹಾಕಲಾರದೇ?

ನಾನು: ಕೌಂಟರ್ ಇಲ್ಲಿ ಸಿಗದಿದ್ದರೆ?

ಕಲ್ಲು: ನಾವಿದ್ದೀವಲ್ಲ! ಪ್ರಮಾಣಪತ್ರ ಕೊಡೋಷ್ಟು ನಿಖರ ನಾವಲ್ಲ, ಒಪ್ತೀನಿ. ಆದರೆ ಏಳನ್ನ ಹತ್ತು ಅನ್ನೋಷ್ಟು ಸುಳ್ಳು ನಾವು ಹೇಳಿಲ್ಲ. ಸುಣ್ಣ ಬಳಿದು, ಮುಖದ ಪೋಸ್ಟರ್ ಕಿತ್ತು, ಪ್ರತಿ ಕಲ್ಲಿನ ಹತ್ತಿರ ಒಂದು ನೀರಿನ ಕೊಡ, ಒಂದು ಲೋಟ, ಒಬ್ಬ ಹುಡುಗನನ್ನ ಇಡಿ. ಆರಕ್ಕೆ ಅಂದರೆ ಆರಕ್ಕೇ ಬಿಡಿ. ಭಾಷಣ ಓಟ ಆದಮೇಲೆ ಇಟ್ಟುಕೊಳ್ಳಿ, ಕೇಳೋರಿದ್ದರೆ ಕೇಳ್ತಾರೆ.

ನಾನು: ರಸ್ತೆ ಅಗಲೀಕರಣದ ಸುದ್ದಿಯಿದೆ. ತಮ್ಮ ಭವಿಷ್ಯ?

ಕಲ್ಲು: ಕೀಳ್ತಾರೆ, ಮೂರ್ನಾಲ್ಕು ಮೀಟರ್ ಸರಿಸಿ ನೆಡ್ತಾರೆ. ಪಕ್ಕಕ್ಕೆ ಸರಿಸಿದರೆ ತಕರಾರಿಲ್ಲ. ಯಾರದೋ ಬಂಕ್ ಮುಂದೆ ನೆಡೋಕೆ ಅಂತ ಹಿಂದಕ್ಕೆ ಸರಿಸಿದರೆ ಮಾತ್ರ ನನ್ನ ಮೈಮೇಲಿನ 5 ಅಳಿಸಿ, 3.6 ಅಂತ ಬರೆಸಿ.

ಸಮಿತಿಯವರು ಮುಂದಿನ ವರ್ಷದ ಓಟಕ್ಕೆ ಆಗಲೇ ಸಭೆ ಕರೆದಿದ್ದಾರೆ, ಫ್ಲೆಕ್ಸ್ ವಿನ್ಯಾಸ ಅಂತಿಮವಾಗುತ್ತಿದೆ ಎಂದು ತಿಳಿದುಬಂದಿದೆ. ಅವರ ಗಮನಕ್ಕೆ ಇಷ್ಟು: ಕಾಲೇಜು ಗೇಟಿನಿಂದ ಬಂಕ್‌ವರೆಗೆ ಹೋಗಿ ಬಂದರೆ 7.2 ಕಿಲೋಮೀಟರ್. ಬಂಕ್ ಮುಂದೆಯೇ ತಿರುಗಿಸುವುದಾದರೆ ಫ್ಲೆಕ್ಸಿನಲ್ಲೂ ಅದನ್ನೇ ಬರೆಸಿ. ಹತ್ತು ಎಂದು ಬರೆಸುವುದಾದರೆ ಐದನೇ ಕಲ್ಲಿನವರೆಗೆ ಓಡಿಸಿ, ಹುಡುಗಿಯರು ಹೊರಡುವ ಮೊದಲೇ ಅಲ್ಲಿ ಒಬ್ಬರನ್ನು ನಿಲ್ಲಿಸಿ.